ಬಂಡಿ ಮಾರಬೇಕು ಅಂದಿದ್ದ

ಸೂಗಮ್ಮನ ಗಂಡ ಸಾಬಣ್ಣ ಸತ್ತಾಗ ಅವನ ಬಂಡಿಯೊಳಗೆ ಒಬ್ಬ ನಟಿ ಕೂತು ಕಣ್ಣಿಗೆ ಕಾಡಿಗೆ ಹಚ್ಚಿಸಿಕೊಳ್ಳುತ್ತಿದ್ದಳು. ಅವಳಿಗೆ ಗೊತ್ತಾಗಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ಗಚ್ಚಿಬೌಲಿಯ ಒಂದು ಗಾಜಿನ ಕಟ್ಟಡದ ಮುಂದೆ ಬಂಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸಾಬಣ್ಣ ಸ್ಟೇರಿಂಗಿನ ಮೇಲೆ ತಲೆ ಇಟ್ಟಿದ್ದ. ಕಣ್ಣು ಹತ್ತಿರಬೇಕು ಅಂದುಕೊಂಡು ಸೂಗಮ್ಮ ಎಬ್ಬಿಸಲಿಲ್ಲ. ಅರ್ಧ ತಾಸು ಎಬ್ಬಿಸಲಿಲ್ಲ. ಚಹಾ ಬಂದಾಗ ಎಬ್ಬಿಸಲು ಹೋದಳು.

ಎದೆನೋವು ಅಂತ ಅವನು ಒಮ್ಮೆಯೂ ಹೇಳಿರಲಿಲ್ಲ. ಗ್ಯಾಸ್ ಅನ್ನುತ್ತಿದ್ದ. ಗ್ಯಾಸಿನ ಗುಳಿಗೆ ನುಂಗುತ್ತಿದ್ದ.

ಆ ಬಂಡಿ ಒಂದು ಕ್ಯಾರವಾನ್. ಅಂದರೆ ಮನೆಯಂಥ ಬಸ್ಸು. ಸಿನಿಮಾ ಶೂಟಿಂಗಿನಲ್ಲಿ ನಟರು ಬಟ್ಟೆ ಬದಲಿಸುವುದು, ಬಣ್ಣ ಹಚ್ಚಿಕೊಳ್ಳುವುದು, ಉಂಡು ಅಡ್ಡಾಗುವುದು ಎಲ್ಲ ಅದರೊಳಗೇ. ಮಂಚ ಇರುತ್ತದೆ, ಏಸಿ ಇರುತ್ತದೆ, ಸುತ್ತ ಬಲ್ಬು ಹಾಕಿದ ಕನ್ನಡಿ ಇರುತ್ತದೆ, ಪಾಯಖಾನೆ ಇರುತ್ತದೆ. ಸಾಬಣ್ಣ ಹದಿನಾಲ್ಕು ವರ್ಷ ಮಂದಿಯ ಕ್ಯಾರವಾನ್ ಓಡಿಸಿದ. ಹೈಟೆಕ್ ಸಿಟಿ ಎದ್ದ ಮೇಲೆ ಊರಿನ ತಲೆ ತಿರುಗಿತು. ಬ್ಯಾಂಕಿನವರು ಕರೆದು ಕರೆದು ಸಾಲ ಕೊಟ್ಟರು. ನಿನ್ನೆ ಮೊನ್ನೆ ಬಂದ ನಟನೂ ಕ್ಯಾರವಾನ್ ಕೇಳತೊಡಗಿದ. ಶನಿವಾರ ಭಾನುವಾರ ಸಾಫ್ಟ್‌ವೇರ್ ಕಂಪನಿಗಳಿಗೆ ರಜೆ, ಹಾಡು ತೆಗೆಯುವವರು ಆ ಕಟ್ಟಡಗಳ ಮುಂದೆ ಸಾಲುಹಚ್ಚಿ ನಿಲ್ಲುತ್ತಿದ್ದರು. ಸಾಬಣ್ಣ ಎರಡು ಸಾವಿರದ ಆರರಲ್ಲಿ ಸ್ವಂತದ್ದೊಂದು ಮಾಡಿಸಿದ. ನಾಚಾರಂನ ಶೆಡ್ಡಿನಲ್ಲಿ ಹೊಸ ಚಾಸಿಯ ಮೇಲೆ ಬಾಡಿ ಕಟ್ಟಿಸಿದ.

ಅವನ ಅಕ್ಕ ಬಂಡೆಮ್ಮ ಬೇಗಂ ಬಜಾರಿನ ಒಂದು ಗೋದಾಮಿನಲ್ಲಿ ಬೇಳೆ ಹಸನು ಮಾಡುತ್ತಾಳೆ. ತಮ್ಮ ಬಂದು, "ಯಕ್ಕಾ, ಕ್ಯಾರವಾನ್ ತಗೊಂಡೆ" ಅಂದಾಗ ಅವಳು ಕಾರ್ವಾನ್ ಮೊಹಲ್ಲಾದಲ್ಲಿ ಮನೆಯನ್ನೇ ತಗೊಂಡ ಅಂತ ತಿಳಿದು ಗೋದಾಮಿಗೆಲ್ಲ ಪೇಡೆ ಹಂಚಿದಳು. ಮನೆ ನೋಡಲು ಹೋದಳು.

"ಏ ಸಾಬ್ಯಾ, ಇದಕ್ಕ ಗಾಲಿ ಅದಾವಲ್ಲೋ!"

"ಮತ್ತೇನು ಕಾಲಿರತಾವೇನ ಯಕ್ಕಾ?"

ಮನೆ ಅಂದದ್ದು ಪೂರ್ತಿ ಸುಳ್ಳೂ ಆಗಲಿಲ್ಲ. ಕಂತು ಕಟ್ಟಬೇಕಲ್ಲ, ಬೋರಬಂಡಾದ ಬಾಡಿಗೆ ಖೋಲಿ ಬಿಟ್ಟು ಗಂಡ ಹೆಂಡತಿ ಬಂಡಿಯಲ್ಲೇ ಇರತೊಡಗಿದರು. ಡ್ರೈವರ್ ಸೀಟಿನ ಹಿಂದೆ, ನಟರ ಖೋಲಿಯ ಗೋಡೆಗೆ ತಾಗಿ, ಒಂದು ಹಲಗೆ. ಅದರ ಮೇಲೆ ಇಬ್ಬರೂ ಮಲಗುತ್ತಿದ್ದರು. ಒಳಗಿನ ಮಂಚ ನಟರದು. ಅದರ ಚಾದರ ಒಗೆಯುವುದು, ಪಾಯಖಾನೆ ತೊಳೆಯುವುದು, ಊಟದ ಡಬ್ಬಿ ಬಿಸಿ ಮಾಡಿಡುವುದು ಸೂಗಮ್ಮನ ಕೆಲಸ. ಆ ಮಂಚದ ಮೇಲೆ ಅವಳು ಒಂದು ದಿನವೂ ಕೂರಲಿಲ್ಲ. ಮಕ್ಕಳು ಇರಲಿಲ್ಲ. ಹಲಗೆ ಸಾಕಾಗುತ್ತಿತ್ತು.

ಸಾಬಣ್ಣ ಹೋದ ಮೇಲೆ ಅದಕ್ಕೆ ಡ್ರೈವರ್ ಸತ್ತ ಬಂಡಿ ಅಂತ ಹೆಸರಾಯಿತು. ಸಿನಿಮಾದವರಿಗೆ ಅಂಥದ್ದು ಆಗಿಬರುವುದಿಲ್ಲ. ಮ್ಯಾನೇಜರುಗಳು ಫೋನು ಮಾಡುವುದು ಬಿಟ್ಟರು.

ಹನ್ನೊಂದನೆಯ ದಿನ ಬಂಡಿಯ ಹತ್ತಿರ ಯಾದಗಿರಿ ಬಂದ. ಅವನು ಹಳೆ ಗಾಡಿಗಳ ದಲ್ಲಾಳಿ, ತೆಲುಗಿನವನು. ಸೂಗಮ್ಮನ ತವರು ಯಾದಗಿರಿಯ ಹತ್ತಿರದ ಹಳ್ಳಿ. ಹಾಗಾಗಿ ಮೊದಲ ಸಲ ಅವನ ಹೆಸರು ಕೇಳಿದಾಗ ಅವಳು, "ಇದು ನಮ್ಮೂರಿನ ಹೆಸರು, ಮನಶಾರಿಗೆ ಯಾಕ ಇಟ್ಟಾರ?" ಅಂತ ಗಂಡನನ್ನು ಕೇಳಿದ್ದಳು. ಹತ್ತು ವರ್ಷ ಸಾಬಣ್ಣನ ಜೊತೆ ತಿರುಗಿ ಯಾದಗಿರಿಗೆ ಅರ್ಧಮರ್ಧ ಕನ್ನಡ ಬಂದಿತ್ತು. ಸಾಬಣ್ಣನನ್ನು ಅಣ್ಣ ಅನ್ನುತ್ತಿದ್ದ, ಸೂಗಮ್ಮನನ್ನು ವದಿನಾ, ಅಂದರೆ ಅತ್ತಿಗೆ, ಅನ್ನುತ್ತಿದ್ದ. ಸೂಗಮ್ಮನಿಗೆ ತೆಲುಗು ಚೆನ್ನಾಗಿಯೇ ಬರುತ್ತದೆ. ಆದರೆ ಅವತ್ತು ಸಾವಿನ ಮನೆ ಅಂತ ಯಾದಗಿರಿ ಕನ್ನಡದಲ್ಲೇ ಮಾತಾಡಿದ. ಮರ್ಯಾದೆಗೆ.

"ವದಿನಾ, ಒಂದು ಮಾತು. ಅಣ್ಣ ಹೋಗೋಕೆ ಮೂರು ವಾರ ಮುಂಚೆ ನನಗೆ ಹೇಳಿದ್ದ. ಬಂಡಿ ಮಾರಬೇಕು ಅಂದಿದ್ದ."

"ನಿಮಗ ಅಂದಿದ್ರಾ?"

"ನನಗೇ. ನಾಚಾರಂ ಶೆಡ್ಡಿನಲ್ಲಿ ನಿಂತು."

ಸೂಗಮ್ಮನಿಗೆ ಮೊದಲು ತಿಳಿಯಲೇ ಇಲ್ಲ. ಬಂಡಿಗಾಗಿ ಖೋಲಿ ಬಿಟ್ಟ ಮನುಷ್ಯ. ಹದಿನಾಲ್ಕು ವರ್ಷ ಅದರ ಕನಸು ಕಂಡ ಮನುಷ್ಯ. ಅವನು ಮಾರುವ ಮಾತು ಆಡಿದ್ದ. ಒಂದೇ ಹಲಗೆಯ ಮೇಲೆ ಪಕ್ಕಕ್ಕೆ ಮಲಗುವ ಹೆಂಡತಿಗೆ ಹೇಳಿರಲಿಲ್ಲ, ದಲ್ಲಾಳಿಗೆ ಹೇಳಿದ್ದ.

ಬಂಡೆಮ್ಮ ಅಲ್ಲೇ ಕೂತಿದ್ದಳು. ಕಣ್ಣು ಒರೆಸಿಕೊಂಡಳು.

"ನನ್ನ ತಮ್ಮ ಅಂದಾನಂದ್ರ ಮುಗೀತು. ಅದೇ ಅವನ ಕಡೀ ಮಾತು. ಮಾರಿಬಿಡು ಸೂಗಿ. ಬೇಗಂ ಬಜಾರಕ್ಕ ನನ್ನ ಜೋಡಿ ಬಾ. ಬ್ಯಾಳಿ ಆರಿಸೂದು ಕುಂತು ಮಾಡೂ ಕೆಲಸ. ಸೇಠ ಚಲೋ ಮನಶಾ ಅದಾನ, ಬೈದ್ರೂ ಮಾರ್ವಾಡಿಯಾಗ ಬೈತಾನ, ನಮಗ ತಿಳಿಯೂದಿಲ್ಲ."

ಸೂಗಮ್ಮ ತಲೆ ತಗ್ಗಿಸಿ ಕೂತಳು. ಗಂಡನ ಮಾತು ನಡೆಸಬೇಕು, ಅಷ್ಟೇ ಅವಳಿಗೆ ತೋಚಿದ್ದು.

"ಹಂಗಾದ್ರ ಮಾರ್ರಿ," ಅಂದಳು.

ಯಾದಗಿರಿ ಕಾಗದ ತಂದ. ಎಲ್ಲ ಇಂಗ್ಲಿಷಿನಲ್ಲಿದ್ದವು. ಸೂಗಮ್ಮ ಮೂರನೇ ಇಯತ್ತೆ ಕಲಿತವಳು. ಅವನು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ತನ್ನ ಹೆಸರಿನ ಮೂರು ಅಕ್ಷರ ಬರೆದಳು. ತನ್ನ ಟ್ರಂಕು, ಸ್ಟೋವು, ಗಂಡನ ಎರಡು ಅಂಗಿ ತಗೊಂಡು ಬಂಡೆಮ್ಮನ ಖೋಲಿಗೆ ಹೋದಳು. ನಾಲ್ಕು ದಿನ ಬೇಳೆ ಆರಿಸಿದಳು. ಕಲ್ಲನ್ನು ಬೇಳೆಯಲ್ಲಿ ಹಾಕಿ ಬೇಳೆಯನ್ನು ಕಲ್ಲಿನಲ್ಲಿ ಹಾಕಿದಳು. ಸೇಠ ಬೈದ. ಅವಳಿಗೆ ತಿಳಿಯಿತು.

ತಿಂಗಳ ಮೇಲೆ ಯಾದಗಿರಿಯ ಫೋನು ಬಂತು. ಕೆಲಸ ಆಯಿತು, ಬನ್ನಿ ಅಂದ. ಬಂಡೆಮ್ಮ ದುಡ್ಡು ಹಾಕಿಕೊಳ್ಳಲು ಒಂದು ಖಾಲಿ ಚೀಲ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಬ್ಬರೂ ಬಸ್ಸು ಹಿಡಿದು ನಾಚಾರಂಗೆ ಹೋದರು.

ಶೆಡ್ಡಿನಲ್ಲಿ ಅವಳ ಬಂಡಿ ಇರಲಿಲ್ಲ. ಅದು ನಿಲ್ಲುತ್ತಿದ್ದ ಜಾಗದಲ್ಲಿ ಇನ್ನೊಂದು ನಿಂತಿತ್ತು. ಹಳೆಯದು. ಗಿಡ್ಡದು. ಬಿಳಿ ಬಣ್ಣ ಹಳದಿಯಾಗಿತ್ತು. ಯಾದಗಿರಿ ನಗುನಗುತ್ತ ಬಂದು ಸೂಗಮ್ಮನ ಕೈಯಲ್ಲಿ ಒಂದು ಕೀಲಿ ಇಟ್ಟ.

"ಇದೇನ್ರಿ?"

"ಬಂಡಿ ಕೀಲಿ ವದಿನಾ."

"ಯಾರ ಬಂಡಿ?"

"ಯಾರದೇನು, ನಿಮ್ಮದೇ."

"ರೊಕ್ಕ ಎಲ್ಲೈತಿ?" ಅಂತ ಬಂಡೆಮ್ಮ ಕೇಳಿದಳು.

"ಏನು ರೊಕ್ಕ?"

ಮೂವರೂ ಒಟ್ಟಿಗೆ ಮಾತಾಡಿದರು. ಹೊಸ ಬಂಡಿಯನ್ನು ವಿಶಾಖಪಟ್ಟಣದ ಒಬ್ಬ ತಗೊಂಡಿದ್ದ. ಉಳಿದ ಕಂತೆಲ್ಲ ಅವನ ತಲೆಗೆ. ಬದಲಿಗೆ ಈ ಹಳೆಯದು ಸೂಗಮ್ಮನಿಗೆ, ಸಾಲ ಸೋಲ ಏನೂ ಇಲ್ಲದೆ. ಇಂಥ ವ್ಯವಹಾರ ಕುದುರಿಸಲು ತಾನು ತಿಂಗಳು ಓಡಾಡಿದ್ದು ಯಾದಗಿರಿಗೆ ಹೆಮ್ಮೆ.

"ಮಾರ್ರಿ ಅಂದಿದ್ದೆ ನಾನು," ಅಂದಳು ಸೂಗಮ್ಮ.

"ಮಾರಿಸಿದೆ ಕದಾ!"

"ಎಲ್ಲಿ ಮಾರೀರಿ? ಬದಲು ಮಾಡೀರಿ!"

"ಅದೇ ಅಲ್ವಾ ವದಿನಾ? ಮಾರೋದು ಅಂದ್ರೆ ಬದಲು ಮಾಡೋದು. ಅಮ್ಮೋದು ಬೇರೆ. ನೀವು ಅಮ್ಮು ಅನ್ನಲಿಲ್ಲ. ಅಣ್ಣನೂ ಅಮ್ಮು ಅನ್ನಲಿಲ್ಲ."

ಸೂಗಮ್ಮ ಅಲ್ಲಿದ್ದ ಟೈರಿನ ಮೇಲೆ ಕೂತುಬಿಟ್ಟಳು. ಆಗ ತಿಳಿಯಿತು. ತೆಲುಗಿನಲ್ಲಿ ಅಮ್ಮುವುದು ಅಂದರೆ ಮಾರುವುದು. ಮಾರುವುದು ಅಂದರೆ ಬದಲಾಗುವುದು. ಇಪ್ಪತ್ತು ವರ್ಷ ಈ ಊರಲ್ಲಿ ತರಕಾರಿ ಕೊಂಡವಳಿಗೆ ಇದು ಗೊತ್ತಿಲ್ಲದೆ ಏನು. ಆದರೆ ಅವನು ಕನ್ನಡದಲ್ಲಿ ಮಾತಾಡುತ್ತಿದ್ದ. ಕನ್ನಡದ ಮಾತಿನ ನಡುವೆ ಬಂದ ಮಾತನ್ನು ಅವಳು ಕನ್ನಡ ಅಂದುಕೊಂಡಳು.

"ಯವ್ವಾ, ಒಂದು ಮಾತಿಗೆ ಬಂಡೀನ ಹೋತಲ್ಲ," ಅಂದಳು ಬಂಡೆಮ್ಮ. "ಏ ದಲ್ಲಾಳಿ, ನಾಳೆ ನಾ ಹಾಲು ತಾ ಅಂದ್ರ ನೀ ಏನು ತರತೀಯೋ ಮಾರಾಯಾ?"

ಸೂಗಮ್ಮನಿಗೆ ಬಂಡಿ ಹೋದದ್ದಲ್ಲ ಕಾಡಿದ್ದು.

"ಯಾದಗಿರಿ, ಅವ್ರು ಏನಂದಿದ್ರು? ನಿಮ್ಮ ಮಾತು ಬ್ಯಾಡ. ಅವ್ರ ಬಾಯಾಗ ಹೆಂಗ ಬಂತು ಹಂಗ ಹೇಳ್ರಿ."

ಯಾದಗಿರಿ ತಲೆ ಕೆರೆದುಕೊಂಡ. "ಬಂಡಿ ಮಾರಾಲೆ ಅಂದ. ಅಲ್ಲ... ಮಾರಬೇಕು ಅಂದ. ಮಾರಾಲೆ ಅಂದನೋ, ಮಾರಬೇಕು ಅಂದನೋ. ಅಣ್ಣ ಮಾತಾಡೋದು ನಿಮಗೆ ಗೊತ್ತಲ್ಲ ವದಿನಾ."

ಗೊತ್ತಿತ್ತು. ಸಾಬಣ್ಣನ ಮಾತಿಗೆ ತಲೆ ಕನ್ನಡ, ಬಾಲ ತೆಲುಗು, ನಡುವೆ ಎರಡು ಉರ್ದು. ಮಾರಾಲೆ ಅಂದಿದ್ದರೂ ಅದು ತೆಲುಗು ಅಂತ ಹೇಳುವಂತಿಲ್ಲ. ಕನ್ನಡದ ಮಾರುವುದಕ್ಕೇ ಅವನು ಆ ಬಾಲ ಕಟ್ಟಿರಬಹುದು. ಹಾಗೆ ಕಟ್ಟುವವನೇ ಅವನು. ಬಂಡಿ ಮಾರಿ ಈ ಕೆಲಸವೇ ಬೇಡ ಅಂದನೋ? ದೊಡ್ಡದು ಬಿಟ್ಟು ಸಣ್ಣದು ಹಿಡಿದು ನಡೆಸೋಣ ಅಂದನೋ? ಅವಳು ಯಾವುದನ್ನು ನಡೆಸಬೇಕು? ಅವನನ್ನು ಕೇಳಿದರೆ ಒಂದು ನಿಮಿಷದ ಮಾತು. ಕೇಳಲು ಅವನಿಲ್ಲ.

"ಈಗೇನು ವದಿನಾ, ಅಮ್ಮೇದ್ದಾಂ ಅಂದ್ರೆ ಇದನ್ನೂ ಅಮ್ಮೋಣ," ಅಂದ ಯಾದಗಿರಿ. ದನಿ ಸಣ್ಣದಾಗಿತ್ತು. "ಗುಜರಿಯವನು ಒಬ್ಬ ಇದಾನೆ. ಸಂಜೆಗೆ ಬರ್ತಾನೆ. ಬಿಚ್ಚಿ ಬಿಡಿ ಸಾಮಾನು ಮಾಡಿ ಒಯ್ತಾನೆ. ನೀವು ಹೂಂ ಅಂದ್ರೆ ಸಾಕು."

"ಹೂಂ ಅನ್ನು," ಅಂದಳು ಬಂಡೆಮ್ಮ.

ಸೂಗಮ್ಮ ಹೂಂ ಅನ್ನಲಿಲ್ಲ. ಎದ್ದು ಹಳೆ ಬಂಡಿಯ ಬಾಗಿಲು ತೆಗೆದು ಒಳಗೆ ಹತ್ತಿದಳು. ಹಳೆ ಪೌಡರಿನ ವಾಸನೆ ಬಡಿಯಿತು. ಕನ್ನಡಿಯ ಸುತ್ತ ಹನ್ನೆರಡು ಬಲ್ಬಿನ ಜಾಗ, ಐದು ಬಲ್ಬು. ಪಾಯಖಾನೆಯ ಬಾಗಿಲಿಗೆ ಅಗುಳಿಯ ಬದಲು ಹಗ್ಗ. ಅವಳ ಕೈ ತಾನಾಗಿ ಮಂಚದ ಚಾದರದ ಮೂಲೆ ಎಳೆದು ಸರಿಮಾಡಿತು. ಆಮೇಲೆ ಮುಂದೆ ಬಂದು ಡ್ರೈವರ್ ಸೀಟಿನ ಹಿಂದೆ ನೋಡಿದಳು. ಅಲ್ಲಿ ಹಲಗೆ ಇತ್ತು.

ಗೇಣು ಹಾಕಿದಳು. ಅಗಲ ಎರಡೂವರೆ ಗೇಣು.

ಇನ್ನೊಮ್ಮೆ ಹಾಕಿದಳು. ಎರಡೂವರೆಯೇ. ಒಬ್ಬರು ಮಲಗಬಹುದು. ಮಗ್ಗಲು ಬದಲಿಸಿದರೆ ಬೀಳಬಹುದು. ಇಬ್ಬರು ಮಲಗುವುದು ಆಗದ ಮಾತು.

ಶೆಡ್ಡಿನ ಮೇಸ್ತ್ರಿ ಗೌಸ್ ಮಿಯಾ ಬಾನೆಟ್ಟಿನಲ್ಲಿ ತಲೆ ಹಾಕಿ ನಿಂತಿದ್ದ. ಸೇಡಂ ಕಡೆಯವನು, ಸಾಬಣ್ಣನ ಹಳೆಯ ದೋಸ್ತ. ಸೂಗಮ್ಮ ಅವನನ್ನು ಕರೆದಳು.

"ಗೌಸ್ ಭಾಯ್, ಅವ್ರು ಈ ಬಂಡಿ ನೋಡಿದ್ರೇನು?"

"ನೋಡಿದ್ನಲ್ಲ ಭಾಭಿ. ಕ್ಲಚ್ ಹೆಂಗೈತಿ ಅಂತ ಕೇಳಿದ."

"ಹಂಗಾದ್ರ ತಗೊಳ್ಳೂ ಮನಸಿತ್ತು!"

"ಏನ್ ಹೇಳಲಿ. ಅವ ಯಾವ ಗಾಡಿ ಕಂಡ್ರೂ ಕ್ಲಚ್ ಹೆಂಗೈತಿ ಅಂತಿದ್ದ. ಒಮ್ಮಿ ಪೊಲೀಸ್ ಜೀಪಿಂದೂ ಕೇಳಿ ಬೈಸ್ಕೊಂಡಾನ."

"ಇಲ್ಲಿ ಹಿಂದ ನೋಡಿದ್ರಾ? ಈ ಹಲಗಿ?"

ಗೌಸ್ ಮಿಯಾ ಕೈ ಒರೆಸಿಕೊಂಡ. "ನೋಡಿದ. ಗೇಣು ಹಾಕಿದ. ನೀವು ಈಗ ಹಾಕಿದ್ರಲ್ಲ, ಹಂಗೇ."

ಸೂಗಮ್ಮ ಹಲಗೆ ಹಿಡಿದುಕೊಂಡಳು. "ಹಾಕಿ ಏನಂದ್ರು?"

"ಏನೂ ಅನ್ನಲಿಲ್ಲ. ನಕ್ಕ. ಇಳದು ಚಾ ಕುಡಿಯಾಕ ಹೋದ."

"ಹೆಂಗ ನಕ್ರು?"

"ನಗೂದ್ರಾಗ ಹೆಂಗ ಏನೈತಿ ಭಾಭಿ? ನಕ್ಕ."

ಅವಳು ಕೆಳಗೆ ಇಳಿದಳು. ಗಂಡ ಹಲಗೆ ಅಳೆದು ನಕ್ಕದ್ದನ್ನು ಹೇಳಿದಳು. ಬಂಡೆಮ್ಮ ಕೈ ಬಡಿದಳು. "ನೋಡಿದ್ಯಾ? ಇಬ್ಬರಿಗೆ ಸಾಲೂದಿಲ್ಲ ಅಂತ ನಕ್ಕು ಬಿಟ್ಟಾನ. ಇದು ಬ್ಯಾಡ ಅಂದಾನ. ಮಾರು ಅಂದದ್ದು ನಮ್ಮ ಮಾರೂದನ್ನ."

ಯಾದಗಿರಿ ಒಪ್ಪಲಿಲ್ಲ. "ಬೇಡದ ಬಂಡೀನ ಯಾರು ಅಳೀತಾರೆ? ತಗೋಬೇಕು ಅಂತಲೇ ಅಳೆದಿದ್ದು. ಹಲಗೆ ದೊಡ್ಡದು ಮಾಡಿಸಿದ್ರೆ ಆಯ್ತು ಅಂತ ನಕ್ಕಿರ್ತಾನೆ."

ಸೂಗಮ್ಮನಿಗೆ ಮೂರನೆಯದು ಹೊಳೆಯಿತು. ಅದನ್ನು ಅವರಿಗೆ ಹೇಳಲಿಲ್ಲ. ಒಬ್ಬರಿಗೆ ಸಾಕು ಅಂತ ಅಳೆದನೋ? ಗ್ಯಾಸ್ ಅಲ್ಲ ಅಂತ ಅವನಿಗೆ ಗೊತ್ತಿತ್ತೋ? ಹೆಂಡತಿಗೆ ಸಾಲ ಇಲ್ಲದ ಒಂದು ಬಂಡಿ, ಒಂದು ಹಲಗೆ ಇಟ್ಟು ಹೋಗೋಣ ಅಂತಲೋ? ಹಾಗಿದ್ದರೆ ನಗುವುದು ಏಕೆ? ಹಾಗೆ ಗೊತ್ತಿದ್ದರೆ ತನಗೆ ಹೇಳಬಾರದಿತ್ತೇ? ಅವನ ಮೇಲೆ ಸಿಟ್ಟು ಬಂತು. ಸತ್ತವನ ಮೇಲೆ ಸಿಟ್ಟು ಮಾಡಿ ಏನು ಮಾಡುವುದು ಅಂತಲೂ ತಿಳಿಯಲಿಲ್ಲ. ಇದ್ದಾಗ ಸಿಟ್ಟು ಬಂದರೆ ಊಟಕ್ಕೆ ಕರೆಯುತ್ತಿರಲಿಲ್ಲ, ಅವನು ತಾನಾಗಿ ಬಂದು ಉಣ್ಣುತ್ತಿದ್ದ. ಈಗ ಅದೂ ಇಲ್ಲ.

ಅಷ್ಟರಲ್ಲಿ ಅವಳ ಸೆರಗಿನ ಗಂಟಿನಲ್ಲಿದ್ದ ಫೋನು ಹೊಡೆದುಕೊಂಡಿತು. ಅದು ಸಾಬಣ್ಣನ ಫೋನು. ಅವನ ನಂಬರಿಗೆ ಇನ್ನೂ ಅಪರೂಪಕ್ಕೆ ಯಾರಾದರೂ ಮಾಡುತ್ತಿದ್ದರು. ಒಬ್ಬ ಮ್ಯಾನೇಜರ್. ಹೊಸಬ, ಅವಸರದವನು. ಭಾನುವಾರ ಹೈಟೆಕ್ ಸಿಟಿಯಲ್ಲಿ ಹಾಡು ಇದೆ, ಎಂಟು ಜನ ಡಾನ್ಸ್ ಹುಡುಗಿಯರು ಬಟ್ಟೆ ಬದಲಿಸಲು ಜಾಗ ಬೇಕು, ಯಾವುದಾದರೂ ಹಳೆಯ ಕ್ಯಾರವಾನ್ ಇದ್ದರೆ ಸಾಕು ಅಂದ. ಎರಡು ವರ್ಷದಿಂದ ನಾಯಕಿಯರಿಗೆ ಚಾದರ ಹಾಸಿದವಳು ಸೂಗಮ್ಮ. ಡಾನ್ಸಿನವರನ್ನು ಸಾಬಣ್ಣ ಹತ್ತಿಸಿಕೊಂಡಿರಲಿಲ್ಲ.

"ಐತ್ರಿ," ಅಂದುಬಿಟ್ಟಳು. ತೆಲುಗಿನಲ್ಲಿ ಇನ್ನೊಮ್ಮೆ ಅಂದಳು, "ಉಂದಿ ಸಾರ್."

ಅವನು ಇನ್ನೇನೋ ಕೇಳಿದ. ಡ್ರೈವರ್ ಸತ್ತ ಬಂಡಿ ಒಂದು ಇದೆಯಂತೆ, ಅದಲ್ಲ ತಾನೆ?

"ಅದಲ್ಲ. ಇದರಾಗ ಯಾರೂ ಸತ್ತಿಲ್ಲ." ಫೋನಿಗೆ ಕೈ ಅಡ್ಡ ಹಿಡಿದು ಗೌಸ್ ಮಿಯಾನನ್ನು ಕೇಳಿದಳು, "ಯಾರೂ ಸತ್ತಿಲ್ಲ ಹೌದಲ್ರಿ?"

"ನಂಗೇನ್ ಮಾಲೂಮ್ ಭಾಭಿ. ಹಳೇ ಗಾಡಿ."

"ಸತ್ತಿಲ್ಲ ಸಾರ್," ಅಂದಳು ಫೋನಿಗೆ.

ಫೋನು ಇಟ್ಟಾಗ ಬಂಡೆಮ್ಮ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

"ಏನ ಇದು? ನನ್ನ ತಮ್ಮನ ಮಾತು ಏನಾತು?"

"ನಿನ್ನ ತಮ್ಮ ಏನಂದ ಅಂತ ನಿನಗ ಗೊತ್ತೈತೇನು ಯಕ್ಕಾ?"

"ಮಾರು ಅಂದ!"

"ಯಾವ ಮಾರು?"

ಬಂಡೆಮ್ಮ ಯಾದಗಿರಿಯ ಮುಖ ನೋಡಿದಳು.

"ನನಗೂ ಗೊತ್ತಿಲ್ಲ," ಅಂದಳು ಸೂಗಮ್ಮ. "ನನಗ ಹೇಳಿದ್ರ ಗೊತ್ತಿರತಿತ್ತು. ಹೇಳಲಿಲ್ಲ. ಈಗ ನಾ ಹೇಳತೀನಿ. ಇದು ಇರಲಿ. ಬ್ಯಾಳಿ ನನ್ನ ಕೈಗೆ ಬರವಲ್ದು ಯಕ್ಕಾ. ಚಾದರ ಹಾಸೂದು ಬರತೈತಿ."

"ಒಬ್ಬಾಕಿ ಇದರಾಗ ಹೆಂಗಿರತೀ?"

"ಅದೂ ಗೊತ್ತಿಲ್ಲ."

ಬಂಡೆಮ್ಮ ಸೊಂಟದ ಖಾಲಿ ಚೀಲ ತೆಗೆದಳು. ಏನು ಮಾಡಬೇಕೋ ತಿಳಿಯದೆ ಅದರಿಂದ ಬಂಡಿಯ ಬಾಗಿಲ ಧೂಳು ಒರೆಸತೊಡಗಿದಳು. ಒರೆಸುತ್ತಲೇ ಬೈದಳು. ತಮ್ಮನನ್ನು ಬೈದಳು, ಯಾದಗಿರಿಯನ್ನು ಬೈದಳು, ಎಲ್ಲ ತೆಲುಗಿನವರನ್ನೂ ಬೈದಳು. ನಡುವೆ ಅತ್ತಳು.

ಡ್ರೈವರ್ ಇರಲಿಲ್ಲ. ಸೂಗಮ್ಮ ಯಾದಗಿರಿಯ ಕಡೆ ನೋಡಿದಳು.

"ನಾನಾ?" ಅಂದ ಯಾದಗಿರಿ. "ನಾನು ಬಂಡಿ ಅಮ್ಮೋನು ವದಿನಾ, ನಡಿಪೋನು ಅಲ್ಲ."

"ಲೈಸೆನ್ಸ್ ಐತಿಲ್ಲ?"

"ಇದೆ, ಆದರೆ..."

"ಈ ಭಾನುವಾರ ಒಂದು ನಡಸ್ರಿ. ಅಷ್ಟರಾಗ ಗೌಸ್ ಭಾಯ್ ಒಬ್ಬರನ್ನ ಹುಡುಕಿ ಕೊಡತಾರ. ನೀವು ನನಗ ಬದಲು ಮಾಡಿ ಕೊಟ್ಟೀರಿ, ಇಷ್ಟು ಮಾಡ್ರಿ."

ಗೌಸ್ ಮಿಯಾ ನಕ್ಕ. ಯಾದಗಿರಿ ಮುಖ ಸಿಂಡರಿಸಿಕೊಂಡು ಸೀಟಿಗೆ ಹತ್ತಿದ. ಬಂಡಿಯನ್ನು ಹಿಂದಕ್ಕೆ ತೆಗೆದು ಶೆಡ್ಡಿನಿಂದ ಹೊರಗೆ ತರಬೇಕಿತ್ತು. ರಿವರ್ಸ್ ಗೇರು ಸಿಗಲು ಐದು ನಿಮಿಷ ಹಿಡಿಯಿತು. ಸಿಕ್ಕಾಗ ಬಂಡಿ ಕೆಮ್ಮಿ ನಡುಗಿತು.

ಸೂಗಮ್ಮ ಹಿಂದೆ ಹೋಗಿ ನಿಂತಳು. ಸಾಬಣ್ಣ ಬಂಡಿ ಹಿಂದೆ ತೆಗೆಯುವಾಗ ಯಾವಾಗಲೂ ಅವಳೇ ನಿಲ್ಲುತ್ತಿದ್ದಳು. ಬಾಯಿಗೆ ಅದೇ ಬಂತು.

"ಬರ್ಲಿ, ಬರ್ಲಿ, ಬರ್ಲಿ. ಎಡಕ್ಕ. ಬರ್ಲಿ."

ಬಂಡಿ ಬಂತು. ಹಿಂದೆ ಆಯಿಲ್ ಡ್ರಮ್ ಇತ್ತು.

"ಸಾಕು. ಸಾಕು! ಏ, ಸಾಕಂದ್ನಿ!"

ಬಂಡಿ ನಿಲ್ಲಲಿಲ್ಲ. ಡ್ರಮ್ಮಿಗೆ ಗುದ್ದಿತು. ಡ್ರಮ್ಮು ಉರುಳಿ ಗೋಡೆಗೆ ಹೋಗಿ ನಿಂತಿತು. ಯಾದಗಿರಿ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಆಗು ಅನಾಲಿ ಕದಾ ವದಿನಾ! ಆಗು ಅಂದ್ರೆ ನಿಲ್ತೀನಿ!"

"ಆಗು ಅಂದ್ರ ನಮ್ಮಾಗ ಆಗ್ಲಿ ಅಂತ!" ಅಂತ ಸೂಗಮ್ಮ ಚೀರಿದಳು. "ಆಗು ಅಂದ್ರ ನೀವು ನಿಂದರತೀರಿ ಅಂತ ನನಗ ಹೆಂಗ ನೆನಪಾಗಬೇಕು?"

ಅವಳು ಬಗ್ಗಿ ನೋಡಿದಳು. ಹಿಂದಿನ ತಗಡು ಅಂಗೈಯಷ್ಟು ಒಳಗೆ ಹೋಗಿತ್ತು. ಕೈಯಿಂದ ಒತ್ತಿ ನೋಡಿದಳು, ಹೊರಗೆ ಬರಲಿಲ್ಲ. ಗೌಸ್ ಮಿಯಾ ಸುತ್ತಿಗೆ ತರಲು ಹೊರಟ. ಬೇಡ, ಮೊದಲು ಹೊರಗೆ ತೆಗೆಯೋಣ ಅಂದಳು. ಮತ್ತೆ ನೆಟ್ಟಗೆ ನಿಂತು, ಕೈ ಎತ್ತಿ, ಈ ಸಲ ಯಾವ ಭಾಷೆಯಲ್ಲಿ ಕರೆಯುವುದು ಅಂತ ಒಂದು ಗಳಿಗೆ ಯೋಚಿಸಿದಳು.